ಬಂಗಾರದ ಅವಲಕ್ಕಿ

ಅಜ್ಜಿಯರ ಕಾಲದ ಒಡವೆಗಳ ಹೆಸರನ್ನು ಸುಮ್ಮನೆ ಒಮ್ಮೆ ಹೇಳಿಕೊಂಡು ನೋಡಿ: ಅವಲಕ್ಕಿ ಸರ, ಗೋಧಿ ಸರ, ಮಲ್ಲಿಗೆ ಮೊಗ್ಗಿನ ಸರ, ಬೋರಮಾಳ. ಅಡುಗೆಮನೆಯ ಡಬ್ಬಿ, ಹೊಲ, ಹಿತ್ತಲ ಬಳ್ಳಿ, ಬೇಲಿಯಾಚೆಯ ಬೋರೆ ಮರ, ಎಲ್ಲವೂ ಕೊರಳಿಗೆ ಬಂದಿವೆ. ಕೈಯಿಂದ ಒಡವೆ ಮಾಡಲು ಹೊರಟವರಿಗೆ ಇಂದು ಸಿಗುವ ಮೊದಲ ಸಲಹೆ ಪ್ರಕೃತಿಯಿಂದ ಸ್ಫೂರ್ತಿ ಪಡೆಯಿರಿ ಎಂಬುದು. ಆ ಸಲಹೆ ಸಾಮಾನ್ಯವಾಗಿ ಒಂದು ನವಿಲನ್ನೋ ಕಮಲವನ್ನೋ ಚಿತ್ರದಿಂದ ಎತ್ತಿ ಲೋಹದ ಮೇಲೆ ಕೂರಿಸುವುದರಲ್ಲಿ ಮುಗಿಯುತ್ತದೆ. ಹಳೆಯ ಹೆಸರುಗಳು ತೋರಿಸುವ ದಾರಿ ಬೇರೆ. ಅಕ್ಕಸಾಲಿಗನ ಕಣ್ಣಿಗೆ ನೂರು ಚೆಂದದ ವಸ್ತುಗಳು ಬಿದ್ದಿರುತ್ತವೆ. ಅವುಗಳಲ್ಲಿ ಬಂಗಾರ ಯಾವುದಾಗಲು ಒಪ್ಪಿತೋ ಅದನ್ನೇ ಅವನು ಆರಿಸಿಕೊಂಡ.

ಅವಲಕ್ಕಿಯನ್ನೇ ತೆಗೆದುಕೊಳ್ಳೋಣ. ಬತ್ತವನ್ನು ನೆನೆಸಿ, ಹುರಿದು, ಕುಟ್ಟಿದಾಗ ಕಾಳು ಒಡೆಯದೆ ಚಪ್ಪಟೆಯಾಗುತ್ತದೆ. ಮೆತ್ತನೆಯ ಬಂಗಾರದ ಮಣಿಗೆ ಸುತ್ತಿಗೆ ಬಿದ್ದಾಗ ಆಗುವುದೂ ಅದೇ. ಒನಕೆಯ ಕೆಲಸವೂ ಸುತ್ತಿಗೆಯ ಕೆಲಸವೂ ಒಂದೇ ಆದದ್ದರಿಂದ ಆಕಾರವೂ ಒಂದೇ ಆಯಿತು. ಬಂಗಾರದ ಚೂರುಗಳನ್ನು ಇದ್ದಿಲ ಮೇಲಿಟ್ಟು ಕಾಯಿಸಿದರೆ ಕರಗಿದ ಲೋಹ ತನ್ನನ್ನು ತಾನೇ ಎಳೆದುಕೊಂಡು ಪುಟ್ಟ ಗುಂಡಾಗುತ್ತದೆ. ಆ ಕಾಳುಗಳಿಗೆ ಕಸುಬಿನವರಿಟ್ಟ ಹೆಸರು ರವೆ. ಬೋರಮಾಳದ ಗುಟ್ಟು ಇನ್ನೂ ಚೆಂದ. ತೆಳುವಾದ ತಗಡಿನ ಟೊಳ್ಳು ಮಣಿಗೆ ಒಳಗೆ ಅರಗು ತುಂಬುತ್ತಾರೆ, ಆಗ ಅದು ತಗ್ಗು ಬೀಳದೆ ದುಂಡಗೆ ನಿಲ್ಲುತ್ತದೆ. ಸ್ವಲ್ಪವೇ ಬಂಗಾರದಲ್ಲಿ ಬೋರೆಹಣ್ಣಿನ ದಪ್ಪ! ಮಣಿ ಹೇಗೂ ದುಂಡಗಿರುತ್ತದೆ, ಹಣ್ಣಿನ ಹೆಸರು ಆಮೇಲೆ ಅಂಟಿಕೊಂಡಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಕೆಲವು ಒಡವೆಗಳಲ್ಲಿ ಹಾಗಾಗಿರಲೂಬಹುದು. ಆದರೆ ಆ ಮಾತು ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ. ಕೈ ಮೊದಲು ಆಕಾರವನ್ನು ಕಂಡುಕೊಂಡಿತು, ಕಣ್ಣು ಆಮೇಲೆ ಬೇಲಿಯಲ್ಲಿ ಅದರ ಜೋಡಿಯನ್ನು ಗುರುತಿಸಿತು. ಗುರುತು ಸಿಕ್ಕಮೇಲೆ ಮುಂದಿನ ಸರ ಮಾಡುವವನ ಮನಸ್ಸಿನಲ್ಲಿ ಹಣ್ಣು ಇದ್ದೇ ಇರುತ್ತದೆ. ಸ್ಫೂರ್ತಿ ಎರಡೂ ದಿಕ್ಕಿನಿಂದ ನಡೆದು ಬರುತ್ತದೆ.

ಕಿವಿಯ ಓಲೆಯ ಕಥೆ ಇದಕ್ಕಿಂತ ಹಿಂದಿನದು. ಓಲೆ ಎಂದರೆ ತಾಳೆಯ ಗರಿ. ಕಿವಿಯ ತೂತಿನಲ್ಲಿ ಸುರುಳಿ ಸುತ್ತಿದ ಗರಿಯನ್ನು ತೊಡುವ ರೂಢಿ ದಕ್ಷಿಣ ಭಾರತದಲ್ಲಿತ್ತು. ಸುರುಳಿ ತಾನಾಗಿ ಬಿಚ್ಚಿಕೊಳ್ಳಲು ಹವಣಿಸುವುದರಿಂದ ಜಾರದೆ ನಿಲ್ಲುತ್ತದೆ. ಮುಂದೆ ಅದೇ ಜಾಗಕ್ಕೆ ಬಂಗಾರ ಬಂತು, ಹೆಸರು ಮಾತ್ರ ಗರಿಯದೇ ಉಳಿಯಿತು. ಬೆಂಡೋಲೆ ಎಂಬ ಮಾತಿನಲ್ಲಂತೂ ಹಗುರವಾದ ಬೆಂಡೂ ಗರಿಯೂ ಒಟ್ಟಿಗೆ ಕೂತಿವೆ. ಇಲ್ಲಿ ಪ್ರಕೃತಿ ಒಡವೆಗೆ ವಿನ್ಯಾಸವಾಗುವ ಮೊದಲೇ ಒಡವೆಯಾಗಿತ್ತು.

ಕಲೆಯಿಂದ ಪಡೆಯುವ ಸ್ಫೂರ್ತಿಗೂ ವಸ್ತು ಒಪ್ಪಬೇಕು ಎಂಬ ಇದೇ ನಿಯಮ. ಈಗ ದೇವಾಲಯ ಶೈಲಿಯ ಒಡವೆಗಳಿಗೆ ತುಂಬ ಬೇಡಿಕೆಯಿದೆ, ಬೇಲೂರಿನ ಗುಡಿಯ ಮದನಿಕೆಯರ ಕೊರಳನ್ನು ನೋಡಿ ಸರ ಮಾಡುವವರಿದ್ದಾರೆ. 1117ರ ಆ ಗುಡಿಯ ಶಿಲ್ಪಿಗಳಿಗೆ ಮಣಿಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾದದ್ದು ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುವುದರಿಂದ. ಹಂಪಿಯ ಒರಟು ಕಣಶಿಲೆಯಲ್ಲಿ ಅದೇ ಸರಗಳು ದಪ್ಪಗೆರೆಗಳಾಗಿ, ಸರಳವಾಗಿ ನಿಂತವು. ಬೇಲೂರಿನ ಶಿಲ್ಪಿಗಳ ಕಾಲದಲ್ಲಿ ನಿಜವಾದ ಒಡವೆಗಳಿಗೇನೂ ಕೊರತೆಯಿರಲಿಲ್ಲ. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ರತ್ನಪರೀಕ್ಷೆಯೂ ಆಭರಣಗಳ ವಿವರವೂ ಇವೆ. ಅಂದರೆ ಶಿಲ್ಪಿ ಅಕ್ಕಸಾಲಿಗನ ಕೆಲಸವನ್ನು ಕಲ್ಲಿಗೆ ಇಳಿಸಿದ್ದ. ಆ ಕಲ್ಲನ್ನು ಮತ್ತೆ ಚಿನ್ನಕ್ಕೆ ಇಳಿಸುವಾಗ ಕಲ್ಲಿನ ದಪ್ಪವನ್ನೂ ಹೊತ್ತು ತಂದರೆ ಕೊರಳು ನೋಯುತ್ತದೆ. ಯಕ್ಷಗಾನದವರು ಇದನ್ನು ಬಹಳ ಚೆನ್ನಾಗಿ ಅರಿತಿದ್ದರು. ರಾತ್ರಿಯಿಡೀ ಕುಣಿಯಬೇಕಾದ ವೇಷಕ್ಕೆ ಭುಜಕೀರ್ತಿ, ಎದೆಪದಕಗಳನ್ನು ಹಗುರವಾದ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸಿದರು. ದೀಟಿಗೆಯ ಬೆಳಕಿನಲ್ಲಿ ಅದು ರಾಜನ ಬಂಗಾರವೇ.

ಪರಂಪರೆಯ ಮಾತು ಬಂದಾಗ ಕೆಲವರು ಹೆದರುತ್ತಾರೆ, ಅದು ಕೈ ಕಟ್ಟಿಹಾಕುತ್ತದೆ ಎಂದು. ಕೊಡಗಿನ ಪತ್ತಾಕ್ ಎಂಬ ಪದಕವನ್ನು ನೋಡಿದರೆ ಆ ಹೆದರಿಕೆ ಉಳಿಯುವುದಿಲ್ಲ. ನಾಗರಹೆಡೆ, ಕೆಂಪುಕಲ್ಲು, ಅಂಚಿಗೆ ಮುತ್ತು, ಇವುಗಳ ನಡುವೆ ಇರುವುದು ಬ್ರಿಟಿಷರ ಚಿನ್ನದ ನಾಣ್ಯ. ಹೊರಗಿನಿಂದ ಬಂದ ನಾಣ್ಯ ಕೊಡವ ಮದುಮಗಳ ಎದೆಯ ಮೇಲೆ ತನ್ನದೇ ಜಾಗ ಮಾಡಿಕೊಂಡಿತು, ಏಕೆಂದರೆ ದುಂಡು ಪದಕದ ಜಾಗ ಅಲ್ಲಿ ಕಾದಿತ್ತು. ಲಂಬಾಣಿ ಹೆಂಗಸರ ತೋಳುದ್ದದ ದಂತ ಮತ್ತು ಮೂಳೆಯ ಬಳೆಗಳು ಈಗ ಪ್ಲಾಸ್ಟಿಕ್ಕಿನವಾಗಿವೆ. ಇದನ್ನು ಬರಿಯ ನಷ್ಟವೆಂದು ಮರುಗಲು ನನಗೆ ಮನಸ್ಸಿಲ್ಲ. ಬಿಳುಪು ಉಳಿಯಿತು, ಸಾಲು ಉಳಿಯಿತು, ಆನೆಯೂ ಉಳಿಯಬೇಕಲ್ಲ.

ಈ ಕೊನೆಯ ಮಾತು ಮುಖ್ಯವಾದದ್ದು. ಪ್ರಕೃತಿಯಿಂದ ಸ್ಫೂರ್ತಿ ಪಡೆಯುವುದು ಬೇರೆ, ಪ್ರಕೃತಿಯನ್ನೇ ಕಿತ್ತು ತೊಡುವುದು ಬೇರೆ. 2023ರ ಅಕ್ಟೋಬರಿನಲ್ಲಿ ಕನ್ನಡದ ರಿಯಾಲಿಟಿ ಶೋ ಒಂದರ ಸ್ಪರ್ಧಿಯನ್ನು ಹುಲಿಯುಗುರಿನ ಪದಕ ತೊಟ್ಟಿದ್ದಕ್ಕೆ ಅರಣ್ಯ ಇಲಾಖೆ ಬಂಧಿಸಿದಾಗ, ಮನೆಯ ಹಿರಿಯರ ಕಾಲದಿಂದ ಬಂದ ಒಡವೆ ತಪ್ಪು ಹೇಗಾಗುತ್ತದೆ ಎಂದು ಬಹಳ ಮಂದಿ ಕೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತು ಹಾಗಿರಲಿ, ಕಸುಬಿನ ಕಡೆಯಿಂದಲೇ ಯೋಚಿಸಿದರೂ ಉಗುರಿಗೆ ಕುಂದಣದ ಟೋಪಿ ಹಾಕುವುದರಲ್ಲಿ ಕೈಗೆ ಕೆಲಸ ಕಡಿಮೆ. ಆ ಬಾಗನ್ನು, ಆ ಮೊನೆಯನ್ನು ಬೆಳ್ಳಿಯ ತಗಡಿನಲ್ಲಿ ತರುವವನಿಗೆ ಹುಲಿಯ ಜೀವ ಬೇಕಿಲ್ಲ, ಹುಲಿಯನ್ನು ಕಂಡ ಕಣ್ಣು ಬೇಕು.

ಇನ್ನೊಂದು ಆಕ್ಷೇಪಣೆ ಉಳಿದಿದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಮೇಣದ ಅಚ್ಚು ಮಾಡಿ ಎರಕ ಹೊಯ್ದರೆ ಈಗ ಯಾವ ಎಲೆ, ಯಾವ ಹಕ್ಕಿ ಬೇಕಾದರೂ ಸಿದ್ಧವಾಗುತ್ತದೆ, ವಸ್ತು ಒಪ್ಪಬೇಕು ಎಂಬ ಮಾತು ಹಳತಾಯಿತು ಎಂಬುದು. ಆದರೆ ಮೇಣದ ಎರಕ ಹೊಸದಲ್ಲ, ಮಾನಸೋಲ್ಲಾಸದಲ್ಲೇ ವಿಗ್ರಹಗಳಿಗಾಗಿ ಅದರ ವಿಧಾನವಿದೆ. ಎರಕದ ದಾರಿ ತೆರೆದಿದ್ದ ನಾಡಿನಲ್ಲೇ ತಗಡನ್ನು ಬಡಿದು, ಅರಗು ತುಂಬಿ, ಟೊಳ್ಳು ಮಣಿಗಳನ್ನು ಮಾಡುತ್ತ ಬಂದರು. ಟೊಳ್ಳಿನಲ್ಲಿ ತೂಕ ಕಡಿಮೆ, ಖರ್ಚು ಕಡಿಮೆ, ಹಬ್ಬದ ದಿನವೆಲ್ಲ ತೊಟ್ಟರೂ ಕೊರಳಿಗೆ ಭಾರವಿಲ್ಲ. ಚಿನ್ನ ಮುಟ್ಟದವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಸುಡುವ ಮಣ್ಣು ಒಣಗುವಾಗ ಕುಗ್ಗುತ್ತದೆ, ತೆಳು ದಳ ಮುರಿಯುತ್ತದೆ; ಟೆರಾಕೋಟ ಒಡವೆ ಮಾಡುವವರಿಗೆ ಗುಲಾಬಿಗಿಂತ ಹುಣಸೆಬೀಜ ಒಳ್ಳೆಯ ಗುರು. ಚನ್ನಪಟ್ಟಣದ ತಿರುಗಣಿಯಲ್ಲಿ ಹಾಲೆಮರ ತಿರುಗುವಾಗ ದುಂಡಾದದ್ದು ಮಾತ್ರ ಹುಟ್ಟುತ್ತದೆ, ಅಲ್ಲಿಯ ಬಳೆಯೂ ಮಣಿಯೂ ಹಾಗಾಗಿಯೇ ಅಷ್ಟು ನಿರಾಳವಾಗಿ ಕಾಣುತ್ತವೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ಕೊನೆಗೆ ಹೊಳಪು ಕೊಡುವುದು ಕೇದಿಗೆಯ ಗರಿ. ಹಿಂದೆ ಹೆಣ್ಣುಮಕ್ಕಳು ಜಡೆಗೆ ಮುಡಿಯುತ್ತಿದ್ದ, ಯಕ್ಷಗಾನದಲ್ಲಿ ಅಭಿಮನ್ಯುವಿನ ತಲೆಯ ಮೇಲೆ ಕೇದಗೆ ಮುಂದಲೆಯಾಗಿ ಅರಳಿದ ಅದೇ ಗಿಡದ ಗರಿ.