ದಮ್ಮು ವಂಶದಿಂದ ಬರುತ್ತದೆಯೇ?

"ಅಪ್ಪನಿಗೂ ದಮ್ಮು ಇತ್ತು, ಅಣ್ಣನಿಗೂ ಬಂತು. ನನಗೂ ಬಂದೇ ಬರುತ್ತೆ ಬಿಡಿ." ಥಾಣೆ, ಡೊಂಬಿವಲಿ ಕಡೆಯ ನಮ್ಮವರ ಬಾಯಲ್ಲಿ ಈ ಮಾತು ಕೇಳುತ್ತಿರುತ್ತೇವೆ. "ನಾನು ಬೀಡಿ, ಸಿಗರೇಟು ಮುಟ್ಟಿದವನೇ ಅಲ್ಲ, ನನಗೆಲ್ಲಿಂದ ಶ್ವಾಸಕೋಶದ ಕಾಯಿಲೆ?" ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸತ್ಯ.

*ಏನಿದು ಸಿಓಪಿಡಿ?*
ಶ್ವಾಸನಾಳಗಳು ಕಿರಿದಾಗಿ, ಗಾಳಿಚೀಲಗಳು ಹಾಳಾಗಿ, ಎಳೆದುಕೊಂಡ ಉಸಿರು ಪೂರ್ತಿ ಹೊರಬರದ ದೀರ್ಘಕಾಲದ ಕಾಯಿಲೆ ಇದು. ಭಾರತದಲ್ಲಿ 1990ರಲ್ಲಿ ಸುಮಾರು 2.8 ಕೋಟಿ ಇದ್ದ ರೋಗಿಗಳು 2016ರ ಹೊತ್ತಿಗೆ ಸುಮಾರು 5.5 ಕೋಟಿಯಾದರು ಎಂದು ಅಂದಾಜಿಸಲಾಗಿದೆ. ಇವರಲ್ಲಿ ಹೊಗೆಬತ್ತಿ ಸೇದದವರೂ ಬಹಳ ಮಂದಿ.

*ಜೀನ್‌ಗಳ ಪಾತ್ರವೇನು?*
1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಎಂಬ ವೈದ್ಯರು ಸುಮಾರು 1500 ರಕ್ತದ ಮಾದರಿಗಳನ್ನು ನೋಡುವಾಗ ಐದರಲ್ಲಿ ಒಂದು ಪ್ರೋಟೀನ್ ಬಹುತೇಕ ಇಲ್ಲದಿರುವುದನ್ನು ಕಂಡರು. ಆ ಐವರಲ್ಲಿ ಮೂವರಿಗೆ ಶ್ವಾಸಕೋಶ ಹಾಳಾಗಿತ್ತು. ಆ ಪ್ರೋಟೀನ್ ಆಲ್ಫಾ-1 ಆಂಟಿಟ್ರಿಪ್ಸಿನ್. ಯಕೃತ್ತಿನಲ್ಲಿ ತಯಾರಾಗುವ ಇದು ಶ್ವಾಸಕೋಶಕ್ಕೆ ಕಾವಲುಗಾರನಿದ್ದಂತೆ. ಇದರ ಜೀನ್‌ನಲ್ಲಿ ದೋಷವಿದ್ದರೆ ಕಾವಲು ಕಡಿಮೆಯಾಗಿ, 40–50ರ ವಯಸ್ಸಿಗೇ ಏದುಸಿರು ಶುರುವಾಗಬಹುದು.

ತಂದೆ, ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದರೆ ಅಪಾಯ ಹೆಚ್ಚು. ಒಬ್ಬರಿಂದ ಮಾತ್ರ ಬಂದವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೆ ಸಿಗರೇಟು ಸೇದಿದರೆ ಅಪಾಯ ಏರುತ್ತದೆ. ಸೋದರಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚು. ಈ ದೋಷ ಯುರೋಪಿನ ಮೂಲದವರಲ್ಲಿ ಹೆಚ್ಚು, ನಮ್ಮಲ್ಲಿ ಅಪರೂಪ.

ಹಾಗಾದರೆ ನಮ್ಮಲ್ಲಿ ಮನೆಮಂದಿಗೆಲ್ಲ ದಮ್ಮು ಬರುವುದೇಕೆ? ಸಿಓಪಿಡಿಗೆ ನಂಟಿರುವ 82 ಜಾಗಗಳನ್ನು 2019ರ ಒಂದು ದೊಡ್ಡ ಅಧ್ಯಯನ ನಮ್ಮ ಜೀನ್‌ಗಳ ನಡುವೆ ಗುರುತಿಸಿತು. ಒಂದೊಂದರ ಪ್ರಭಾವವೂ ಚಿಕ್ಕದು. ಒಂದೇ ಹೊಗೆಯಲ್ಲಿ ಬೆಳೆದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಬಂದು ಇನ್ನೊಬ್ಬನಿಗೆ ಬಾರದಿರಲು ಇದೂ ಒಂದು ಕಾರಣ. ಇನ್ನೊಂದು ಮಾತು: ಒಂದೇ ಮನೆಯವರು ಜೀನ್ ಹಂಚಿಕೊಳ್ಳುವಂತೆ ಗಾಳಿಯನ್ನೂ ಹಂಚಿಕೊಳ್ಳುತ್ತಾರೆ!

*ನಮ್ಮ ಗಾಳಿ ಹೇಗಿದೆ?*
ಊರಿನಲ್ಲಿ ಸೌದೆ ಒಲೆ ಊದಿದ ಅಮ್ಮಂದಿರು, ಹೋಟೆಲಿನ ಭಟ್ಟಿಯ ಮುಂದೆ ವರ್ಷಗಟ್ಟಲೆ ನಿಂತ ನಮ್ಮ ಕರಾವಳಿಯವರು, ಡೊಂಬಿವಲಿ ಎಂಐಡಿಸಿ, ತಳೋಜ, ಥಾಣೆ–ಬೇಲಾಪುರ ಪಟ್ಟಿಯ ಕಾರ್ಖಾನೆಗಳಲ್ಲಿ ದುಡಿದವರು, ಕಟ್ಟಡ ಕೆಲಸದ ಧೂಳು ಕುಡಿದವರು ಎಲ್ಲರೂ ಎಚ್ಚರದಿಂದಿರಬೇಕು. ಜೀನ್ ಬದಲಿಸಲು ನಮ್ಮಿಂದಾಗದು. ಹೊಗೆ, ಧೂಳಿನಿಂದ ದೂರವಿರುವುದು ಬಹಳಷ್ಟು ನಮ್ಮ ಕೈಯಲ್ಲೇ ಇದೆ.

*ಏನು ಮಾಡಬೇಕು?*
✅ ಸ್ಟೇಷನ್ ಸೇತುವೆ ಹತ್ತುವಾಗ ಜೊತೆಯವರಿಗಿಂತ ಬೇಗ ಏದುಸಿರು ಬಂದರೆ, ಕೆಮ್ಮು–ಕಫ ತಿಂಗಳುಗಟ್ಟಲೆ ಉಳಿದರೆ "ವಯಸ್ಸಾಯಿತು" ಎಂದು ಸುಮ್ಮನಿರಬೇಡಿ. ಸ್ಪೈರೋಮೆಟ್ರಿ ಮಾಡಿಸಿ. ಕೊಳವೆಯೊಳಗೆ ಜೋರಾಗಿ ಊದುವ ಪರೀಕ್ಷೆ ಅಷ್ಟೇ, ನೋವಿಲ್ಲ.
✅ ಸಿಓಪಿಡಿ ಇದೆ ಎಂದು ಗೊತ್ತಾದರೆ, ಅದರಲ್ಲೂ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಆಲ್ಫಾ-1 ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ದೋಷ ಕಂಡರೆ ಒಡಹುಟ್ಟಿದವರೂ ಪರೀಕ್ಷಿಸಿಕೊಳ್ಳಬೇಕು.
✅ ಮನೆಯಲ್ಲಿ ಯಾರಿಗಾದರೂ ದಮ್ಮು ಇದ್ದರೆ ಮಕ್ಕಳು ಸಿಗರೇಟಿನ ಹತ್ತಿರವೂ ಸುಳಿಯಬಾರದು. ಈಗಾಗಲೇ ಸೇದುವವರು ಇಂದೇ ಬಿಡಿ. ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ.
✅ ಇನ್‌ಹೇಲರ್ ಚಟವಲ್ಲ, ಔಷಧಿ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಫ್ಲೂ, ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಕೇಳಿ.
🚨 ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಆಡಲೂ ಉಸಿರು ಸಾಲದಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಅಪ್ಪನ ದಮ್ಮು ನಿಮ್ಮ ಹಣೆಬರಹವಲ್ಲ, ನಿಮಗೆ ಮುಂಚಿತವಾಗಿ ಸಿಕ್ಕ ಎಚ್ಚರಿಕೆ. ನಿಮ್ಮ ಬಳಗದಲ್ಲಿ ಏದುಸಿರು ಬಿಡುವವರು ಯಾರಾದರೂ ಇದ್ದರೆ ಇದನ್ನು ಅವರಿಗೂ ಕಳುಹಿಸಿ. 🙏