ಅಳೆದು ಕಟ್ಟುವ ಎಂಜಿನ್

1983ರ ಡಿಸೆಂಬರ್ 14ರಂದು ಮೊದಲ ಗ್ರಾಹಕರ ಕೈ ಸೇರಿದ ಮಾರುತಿ 800 ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಮಾಲಿನ್ಯದ ಮಿತಿಗಳು ಬಿಗಿಯಾದ ಕಾರಣ ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಅದರ ಮಾರಾಟ 2010ರ ಏಪ್ರಿಲ್‌ನಲ್ಲೇ ಮುಗಿದಿತ್ತು. ಮೂರು ದಶಕಗಳಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾದ ಈ ಕಾರು ಮಲೆನಾಡಿನ ತೋಟದ ಮನೆಗಳಲ್ಲಿ, ಬಯಲುಸೀಮೆಯ ಸಣ್ಣ ಊರುಗಳಲ್ಲಿ ಇಂದಿಗೂ ಓಡುತ್ತಿದೆ. ಆದರೆ ಅದರ ಈಗಿನ ಬೆಲೆ ಕೆಲವು ಹತ್ತು ಸಾವಿರ ರೂಪಾಯಿಗಳಷ್ಟೇ ಆಗಿರುವುದರಿಂದ, ಎಂಜಿನ್ನಿನ ಪೂರ್ಣ ದುರಸ್ತಿಯನ್ನು ಗ್ಯಾರೇಜಿಗೆ ಒಪ್ಪಿಸಿದರೆ ಖರ್ಚು ಕಾರಿನ ಬೆಲೆಯನ್ನೇ ಮುಟ್ಟಬಹುದು. ಆ ಖರ್ಚಿನ ದೊಡ್ಡ ಪಾಲು ಬಿಚ್ಚುವ, ತೊಳೆಯುವ, ಮತ್ತೆ ಜೋಡಿಸುವ ಕೂಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಿದಾಗ, ಕೆಲಸವನ್ನು ಮನೆಯಲ್ಲೇ ಮಾಡುವ ಯೋಚನೆಗೆ ಗಟ್ಟಿಯಾದ ಆಧಾರ ಸಿಗುತ್ತದೆ.

ಈ ಕೆಲಸಕ್ಕೆ ಮಾರುತಿ 800ರಷ್ಟು ಒಗ್ಗುವ ಎಂಜಿನ್ ಸಿಗುವುದು ಕಷ್ಟ. ಸುಜುಕಿ ಕಂಪನಿಯ ಎಫ್8ಬಿ ಎಂಬ ಈ ಎಂಜಿನ್ನಿಗೆ ಮೂರೇ ಸಿಲಿಂಡರುಗಳಿದ್ದು, ಪ್ರತಿಯೊಂದರ ವ್ಯಾಸ, ಅಂದರೆ ಬೋರ್, 68.5 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ, ಅಂದರೆ ಸ್ಟ್ರೋಕ್, 72 ಮಿ.ಮೀ. ಇದೆ, ಮೂರರ ಗಾತ್ರವನ್ನೂ ಕೂಡಿದರೆ 796 ಸಿಸಿ ಆಗುತ್ತದೆ. ಹಳೆಯ ಮಾದರಿಗಳಲ್ಲಿ ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವುದು ಕಾರ್ಬುರೇಟರ್ ಆದ್ದರಿಂದ ಕಂಪ್ಯೂಟರಿನ ತೊಡಕೂ ಇಲ್ಲ. ಇಡೀ ಎಂಜಿನ್ನನ್ನು ಗಟ್ಟಿಯಾದ ತೊಲೆಗೆ ಕಟ್ಟಿದ ಚೈನ್ ಪುಲ್ಲಿಯಿಂದ ಇಬ್ಬರು ನಿರಾಯಾಸವಾಗಿ ಎತ್ತಿ ಇಳಿಸಬಹುದು. ಗುಜರಿಯಿಂದ ಬೇರೊಂದು ಎಂಜಿನ್ ತಂದು ಕೂರಿಸುವುದು ಇದಕ್ಕಿಂತ ಸುಲಭವೆಂದು ತೋರಬಹುದು. ಆದರೆ ಎಂಜಿನ್ ನಂಬರು ಆರ್‌ಸಿಯಲ್ಲಿ ದಾಖಲಾಗಿರುವುದರಿಂದ ಅದಕ್ಕೆ ಆರ್‌ಟಿಒ ಅನುಮತಿ ಬೇಕಾಗುತ್ತದೆ, ತಂದ ಎಂಜಿನ್ನಿನ ಒಳಗಿನ ಸ್ಥಿತಿಯೂ ಬಿಚ್ಚುವ ತನಕ ತಿಳಿಯುವುದಿಲ್ಲ. ಇದ್ದ ಎಂಜಿನ್ನನ್ನೇ ಸರಿಪಡಿಸಿದರೆ ಈ ಎರಡು ಚಿಂತೆಗಳೂ ಇರುವುದಿಲ್ಲ.

ಪಾನಾ ಹಿಡಿಯುವ ಮೊದಲು ರೋಗ ಎಲ್ಲಿದೆ ಎಂದು ತಿಳಿದುಕೊಂಡರೆ ಅರ್ಧ ಹಣ ಉಳಿದಂತೆಯೇ. ಗ್ಯಾರೇಜಿನವರು ‘ಎಂಜಿನ್ ಆಯಿಲ್ ಕುಡಿಯುತ್ತಿದೆ’ ಎನ್ನುವ ದೋಷಕ್ಕೆ ಸಾಮಾನ್ಯವಾಗಿ ಎರಡು ಮೂಲಗಳಿದ್ದು, ಹೊಗೆ ಬರುವ ಹೊತ್ತೇ ಅವನ್ನು ಬೇರ್ಪಡಿಸಿ ತೋರಿಸುತ್ತದೆ. ಚಾರ್ಮಾಡಿಯಂಥ ಘಾಟಿಯನ್ನು ಗೇರಿನಲ್ಲೇ, ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ಒತ್ತಿದ ಕೂಡಲೇ ನೀಲಿ ಹೊಗೆ ಬುಸ್ಸೆಂದು ಬಂದರೆ ವಾಲ್ವುಗಳ ಸುತ್ತಲಿನ ರಬ್ಬರ್ ಸೀಲುಗಳು ಸವೆದಿವೆ ಎಂದರ್ಥ. ಇಳಿಯುವಾಗ ಎಂಜಿನ್ನಿನೊಳಗೆ ಉಂಟಾಗುವ ನಿರ್ವಾತವು ಆ ಸಂದಿನಿಂದ ಆಯಿಲನ್ನು ಒಳಕ್ಕೆ ಎಳೆದಿರುತ್ತದೆ. ಹಾಗಲ್ಲದೆ, ಏರು ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗುಗಳನ್ನು, ಅಂದರೆ ಪಿಸ್ಟನ್ನಿನ ಸುತ್ತ ಕೂತು ಸಿಲಿಂಡರಿನ ಗೋಡೆಗೆ ಒತ್ತಿಕೊಳ್ಳುವ ಬಳೆಗಳನ್ನು, ಶಂಕಿಸಬೇಕು. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿನ ಒತ್ತಡವನ್ನು ತೋರಿಸುವ ಕಂಪ್ರೆಶನ್ ಗೇಜ್ ಇಟ್ಟು ಸ್ಟಾರ್ಟರ್ ತಿರುಗಿಸಿದಾಗ ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹನಿಸಿ ಮತ್ತೆ ಪರೀಕ್ಷಿಸಬೇಕು. ಒತ್ತಡ ಏರಿದರೆ ದೋಷ ರಿಂಗಿನಲ್ಲಿ, ಏರದಿದ್ದರೆ ವಾಲ್ವಿನಲ್ಲಿ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ಡಿನ ಅಡಿಯ ಪದರ, ಸುಟ್ಟಿರುವ ಸಾಧ್ಯತೆ ಹೆಚ್ಚು. ದೋಷ ಹೆಡ್ಡಿನಲ್ಲಿ ಮಾತ್ರ ಇದ್ದರೆ ಎಂಜಿನ್ ಇಳಿಸುವ ಅಗತ್ಯವೇ ಇರುವುದಿಲ್ಲ.

ಬಿಚ್ಚುವ ಕೆಲಸಕ್ಕೆ ತಾಳ್ಮೆಯೇ ಮುಖ್ಯ ಬಂಡವಾಳ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದು, ಬೋಲ್ಟುಗಳನ್ನು ಹೆಸರು ಬರೆದ ಕವರುಗಳಲ್ಲಿ ಹಾಕಿಡಬೇಕು. ಕ್ರ್ಯಾಂಕ್ ಶಾಫ್ಟನ್ನು, ಅಂದರೆ ಪಿಸ್ಟನ್ನುಗಳ ಏರಿಳಿತವನ್ನು ತಿರುಗುವ ಚಲನೆಯಾಗಿಸುವ ದಂಡವನ್ನು, ಹಿಡಿದಿರುವ ಕ್ಯಾಪುಗಳನ್ನಂತೂ ಎಂದಿಗೂ ಅದಲುಬದಲು ಮಾಡಬಾರದು, ಏಕೆಂದರೆ ಅವನ್ನು ಕಾರ್ಖಾನೆಯಲ್ಲಿ ಆಯಾ ಜಾಗದಲ್ಲೇ ಬಿಗಿದು ಕೊರೆದಿರುತ್ತಾರೆ.

ಹಣ ಉಳಿಯುವುದೂ ಪೋಲಾಗುವುದೂ ಇದಾದ ಮೇಲೆ ಬರುವ ಅಳತೆಯ ಹಂತದಲ್ಲಿ. ಹೊಸ ರಿಂಗ್ ಹಾಕಿದರೆ ಹೊಗೆ ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ, ಆದರೆ ಸವೆದ ಸಿಲಿಂಡರಿಗೆ ಹಾಕಿದ ಹೊಸ ರಿಂಗು ಕೆಲವೇ ತಿಂಗಳಲ್ಲಿ ಸೋಲುತ್ತದೆ. ಉರಿಯುವ ಅನಿಲದ ಒತ್ತಡ ಅತಿ ಹೆಚ್ಚಾಗಿರುವ, ಆಯಿಲ್ ಅತಿ ಕಡಿಮೆ ತಲುಪುವ ಮೇಲ್ಭಾಗದಲ್ಲಿ ಸಿಲಿಂಡರ್ ಹೆಚ್ಚು ಸವೆಯುತ್ತದೆ. ರಿಂಗು ಮುಟ್ಟದ ತುತ್ತತುದಿ ಮಾತ್ರ ಹಾಗೇ ಉಳಿಯುವುದರಿಂದ ಅಲ್ಲೊಂದು ಸಣ್ಣ ಮೆಟ್ಟಿಲು ಮೂಡಿ, ಉಗುರು ಎಳೆದರೆ ತಡೆಯುತ್ತದೆ. ಈ ಸವೆತವನ್ನು ಅಳೆಯುವ ಬೋರ್ ಗೇಜ್ ದುಬಾರಿ ಸಾಧನ. ಅದಿಲ್ಲದವರಿಗೂ ಒಂದು ದಾರಿಯಿದೆ: ಹಳೆಯ ರಿಂಗೊಂದನ್ನು ಬರಿದಾದ ಸಿಲಿಂಡರಿಗೆ ಇಳಿಸಿ, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ಅದರಿಂದ ರಿಂಗನ್ನು ನೇರವಾಗಿ ಕೂರುವಂತೆ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ, ಅಂದರೆ ದಪ್ಪವನ್ನು ಕೊರೆದಿರುವ ತೆಳು ಉಕ್ಕಿನ ಪಟ್ಟಿಗಳ ಕಟ್ಟಿನಿಂದ, ಅಳೆಯಬೇಕು. ಮೊದಲು ಸವೆತವೇ ಇಲ್ಲದ ತಳಭಾಗದಲ್ಲಿ, ಆಮೇಲೆ ಮೆಟ್ಟಿಲಿನ ಸ್ವಲ್ಪ ಕೆಳಗೆ ಅದೇ ರಿಂಗನ್ನಿಟ್ಟು ಅಳೆದು, ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ವ್ಯಾಸ ಎಷ್ಟು ಹಿಗ್ಗಿದೆ ಎಂಬುದು ಸಿಗುತ್ತದೆ. ತಳದಲ್ಲಿ ಸಂದು 0.30 ಮಿ.ಮೀ., ಮೇಲೆ 0.62 ಮಿ.ಮೀ. ಇದ್ದರೆ ವ್ಯತ್ಯಾಸ 0.32, ಸಿಲಿಂಡರ್ ಸುಮಾರು 0.10 ಮಿ.ಮೀ. ಸವೆದಿದೆ. ಶಾಲೆಯಲ್ಲಿ ಕಲಿತ ಪರಿಧಿಯ ಸೂತ್ರ ಎಣ್ಣೆಗೈಯಲ್ಲಿ ಹೀಗೆ ನೆರವಿಗೆ ಬರುವುದು ಈ ಕೆಲಸದ ಒಂದು ಸೊಗಸು. ಪಿಸ್ಟನ್ ಒಂದು ಪಕ್ಕಕ್ಕೆ ಹೆಚ್ಚು ಒರಗುವುದರಿಂದ ಸಿಲಿಂಡರ್ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಮಾತ್ರ ಈ ವಿಧಾನ ಅದನ್ನು ಹಿಡಿಯಲಾರದು. ಆದ್ದರಿಂದ ಫಲಿತಾಂಶ 0.10ರ ಹತ್ತಿರ ಬಂದರೆ ಸಿಲಿಂಡರುಗಳಿರುವ ಬ್ಲಾಕನ್ನು ಬೋರಿಂಗ್ ಅಂಗಡಿಗೆ ಒಯ್ದು ಸರಿಯಾದ ಗೇಜಿನಲ್ಲಿ ಅಳೆಸುವುದೇ ಕ್ಷೇಮ.

ಬೋರಿಂಗ್ ಎಂದರೆ ಸಿಲಿಂಡರನ್ನು ಯಂತ್ರದಲ್ಲಿ ಕೊರೆದು ತುಸು ದೊಡ್ಡ ಪಿಸ್ಟನ್ ಹಿಡಿಸುವಂತೆ ಮಾಡುವುದು. ಅಂಥ ಪಿಸ್ಟನ್ನುಗಳು ಸಾಮಾನ್ಯವಾಗಿ 0.25 ಮತ್ತು 0.50 ಮಿ.ಮೀ. ಹೆಚ್ಚಿನ ಅಳತೆಗಳಲ್ಲಿ ಸಿಗುತ್ತವೆ. ಪಿಸ್ಟನ್ ಕೊಂಡ ಮೇಲೆಯೇ ಕೊರೆಸಬೇಕೆಂಬ ಕ್ರಮವನ್ನು ಎಷ್ಟೋ ಜನ ತಿರುವುಮುರುವು ಮಾಡಿ ನಷ್ಟ ಅನುಭವಿಸುತ್ತಾರೆ: ಕೈಯಲ್ಲಿರುವ ಪಿಸ್ಟನ್ನಿನ ನಿಜವಾದ ಅಳತೆಗೆ ತಕ್ಕಂತೆ ಬೋರ್ ಆಗಬೇಕೇ ಹೊರತು ಡಬ್ಬಿಯ ಮೇಲಿನ ಅಂಕಿಗಲ್ಲ. ಕೊನೆಯಲ್ಲಿ ಹೋನಿಂಗ್ ಕಲ್ಲುಗಳಿಂದ ಒಳಗೋಡೆಯ ಮೇಲೆ ಒಂದನ್ನೊಂದು ಹಾಯುವ ಸೂಕ್ಷ್ಮ ಗೀರುಗಳನ್ನು ಮೂಡಿಸುತ್ತಾರೆ. ಆ ಗೀರುಗಳಲ್ಲಿ ಆಯಿಲ್ ನಿಂತು ರಿಂಗು ಹದವಾಗಿ ಕೂರುತ್ತದೆ.

ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳನ್ನು ಪರೀಕ್ಷಿಸಲು ಪ್ಲಾಸ್ಟಿಗೇಜ್ ಎಂಬ, ಮೇಣದಂತೆ ಮೆತ್ತಗಿನ ಎಳೆ ಸಿಗುತ್ತದೆ. ಆಯಿಲ್ ಒರೆಸಿದ ಶಾಫ್ಟಿನ ಮೇಲೆ ಅದರ ತುಂಡೊಂದನ್ನು ಇಟ್ಟು, ಕ್ಯಾಪನ್ನು ನಿಗದಿತ ಬಲದಿಂದ ಬಿಗಿದು, ಶಾಫ್ಟನ್ನು ಒಂದಿಷ್ಟೂ ತಿರುಗಿಸದೆ ಮತ್ತೆ ಬಿಚ್ಚಿದರೆ ಎಳೆ ಚಪ್ಪಟೆಯಾಗಿರುತ್ತದೆ. ಹೆಚ್ಚು ಅಗಲವಾಗಿದ್ದಷ್ಟೂ ಸಂದು ಕಡಿಮೆ. ಅದರ ಕವರಿನ ಮೇಲೆ ಮುದ್ರಿಸಿದ ಪಟ್ಟಿಗೆ ಹೋಲಿಸಿ, ತಲೆಗೂದಲಿಗಿಂತ ತೆಳುವಾದ ಸಂದನ್ನು ಮನೆಯ ಜಗಲಿಯಲ್ಲೇ ಓದಿಕೊಳ್ಳಬಹುದು. ಸಂದು ಮಿತಿಯೊಳಗಿದ್ದು ಶಾಫ್ಟಿನ ಮೇಲೆ ಗೀರುಗಳಿಲ್ಲದಿದ್ದರೆ ಶಾಫ್ಟ್ ಗ್ರೈಂಡಿಂಗಿನ ಖರ್ಚು ಪೂರ್ತಿ ಉಳಿಯುತ್ತದೆ.

ಹೆಡ್ ಅಲ್ಯೂಮಿನಿಯಮ್ಮಿನದಾದ್ದರಿಂದ, ಒಮ್ಮೆ ನೀರು ಬತ್ತಿ ಎಂಜಿನ್ ಕಾದಿದ್ದರೂ ಬಾಗಿರಬಹುದು. ನೇರವಾದ ಉಕ್ಕಿನ ಪಟ್ಟಿಯನ್ನು ಅದರ ಮೇಲೆ ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟಾಗ 0.05 ಮಿ.ಮೀ.ನ ಫೀಲರ್ ಪಟ್ಟಿ ಅಡಿಯಲ್ಲಿ ನುಸುಳಿದರೆ ಹೆಡ್ಡನ್ನು ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಬೇಕು. ವಾಲ್ವುಗಳನ್ನು ಅರೆಯುವ ಪೇಸ್ಟ್ ಹಚ್ಚಿ, ಕೈಯಿಂದಲೇ ತಿರುಗಿಸುತ್ತಾ ಅವುಗಳ ಪೀಠಕ್ಕೆ ಹೊಂದಿಸಿದ ಮೇಲೆ, ಹೆಡ್ಡಿನ ಗುಂಡಿಗಳಿಗೆ ಸೀಮೆಎಣ್ಣೆ ತುಂಬಿ ಹತ್ತು ನಿಮಿಷ ಬಿಟ್ಟರೆ ಸೋರಿಕೆ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಬ್ರಾಕೆಟ್, ಕವರ್, ಕಾರ್ಬುರೇಟರಿನ ಬಾಡಿ ಮುಂತಾದವನ್ನು ಬೆಂಗಳೂರಿನ ಶಿವಾಜಿನಗರದಂಥ ಗುಜರಿ ಪೇಟೆಗಳಲ್ಲಿ ಹುಡುಕಿ ತರುವುದರಲ್ಲಿ ತಪ್ಪೇನೂ ಇಲ್ಲ. ರಿಂಗ್, ಬೇರಿಂಗ್, ಗ್ಯಾಸ್ಕೆಟ್, ಆಯಿಲ್ ಸೀಲ್ ಮತ್ತು ಟೈಮಿಂಗ್ ಬೆಲ್ಟುಗಳ ಮಾತು ಬೇರೆ; ಅವುಗಳಲ್ಲಿ ನಕಲಿ ಮಾಲೂ ಪೇಟೆಯಲ್ಲಿ ಇರುವುದರಿಂದ ಜೆ.ಸಿ. ರಸ್ತೆಯಂಥ ಕಡೆ ನಂಬಿಕೆಯ ಅಂಗಡಿಯಲ್ಲಿ ಬಿಲ್ಲು ಪಡೆದೇ ಕೊಳ್ಳಬೇಕು. ನಿಗದಿತ ಬಲಕ್ಕಿಂತ ಹೆಚ್ಚು ಬಿಗಿಯದಂತೆ ಕಾಯುವ ಟಾರ್ಕ್ ರೆಂಚ್ ಸ್ವಂತದ್ದೇ ಆಗಬೇಕಿಲ್ಲ, ಎರಡು ದಿನದ ಮಟ್ಟಿಗೆ ಎರವಲು ಸಿಕ್ಕರೂ ಸಾಕು.

ಬೋರಿಂಗ್ ಮುಗಿಸಿ ಬಂದ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ಮಾತ್ರ ತೊಳೆದರೆ ಕಲ್ಲಿನ ಪುಡಿ ಗೀರುಗಳಲ್ಲೇ ಉಳಿದು ಹೊಸ ರಿಂಗನ್ನು ಅರೆದುಬಿಡುತ್ತದೆ. ಬಿಸಿನೀರು ಮತ್ತು ಸೋಪಿನ ಪುಡಿ ಹಾಕಿ, ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ಉಜ್ಜಿ, ತುಕ್ಕು ಹಿಡಿಯುವ ಮುನ್ನ ಆಯಿಲ್ ಸವರಬೇಕು. ಜೋಡಣೆ ಮುಗಿದು ಆಯಿಲ್, ನೀರು ತುಂಬಿದ ಮೇಲೆ, ಪ್ಲಗ್ ಹಾಕದೆ ಸ್ಟಾರ್ಟರನ್ನು ಬಿಟ್ಟುಬಿಟ್ಟು ತಿರುಗಿಸುತ್ತಾ ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವುದನ್ನು ಕಾಯಬೇಕು. ಬೇರಿಂಗುಗಳಿಗೆ ಆಯಿಲ್ ತಲುಪಿದೆ ಎಂಬುದಕ್ಕೆ ಅದೇ ಗುರುತು. ಪ್ಲಗ್ ಹಾಕಿ ಎಂಜಿನ್ ಚಾಲೂ ಮಾಡಿ ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ, ಅದನ್ನು ನಿಂತಲ್ಲೇ ಗಂಟೆಗಟ್ಟಲೆ ಓಡಿಸುವ ಬದಲು ರಸ್ತೆಗಿಳಿಸಿ, ಮಧ್ಯಮ ವೇಗದಲ್ಲಿ ಸಣ್ಣಪುಟ್ಟ ಏರುಗಳನ್ನು ಹತ್ತಿಸುವುದು ಲೇಸು, ಏಕೆಂದರೆ ರಿಂಗು ಸಿಲಿಂಡರಿಗೆ ಹೊಂದಿಕೊಳ್ಳಲು ಅನಿಲದ ಒತ್ತಡ ಬೇಕು. ಸುಮಾರು 500 ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರನ್ನು ಬದಲಿಸುವಾಗ ಇಳಿಸಿದ ಆಯಿಲನ್ನು ತೆಳು ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿದು ನೋಡಬೇಕು: ಬೂದಿಯಂಥ ಸಣ್ಣ ಪುಡಿ ಹೊಸ ರಿಂಗುಗಳು ಹದಗೊಳ್ಳುತ್ತಿರುವುದರ ಲಕ್ಷಣ, ಮಿನುಗುವ ಚೂರುಗಳು ಕಂಡರೆ ಕಾರನ್ನು ಅಲ್ಲಿಯೇ ನಿಲ್ಲಿಸಿ, ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯಾದ ಸಂಪ್ ಬಿಚ್ಚಿ, ಬೇರಿಂಗಿನ ಕ್ಯಾಪುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.