ತಲೆ ಸುತ್ತಲೆಂದೇ ತಲೆ ತಿರುಗಿಸುವವರು

ಬೆಳಿಗ್ಗೆ ಹತ್ತಾದರೂ ಮೈಸೂರಿನ ಆಸ್ಪತ್ರೆಯೊಂದರ ಫಿಸಿಯೋಥೆರಪಿ ಕೋಣೆಯಲ್ಲಿ ಫಿನಾಯಿಲ್ ವಾಸನೆ ಆರಿರುವುದಿಲ್ಲ. ಅದರ ನಡುವೆಯೇ ಯಾರೋ ಮುಡಿದು ಬಂದ ಮಲ್ಲಿಗೆ, ಇನ್ಯಾರೋ ಹಣೆಗೆ ತಿಕ್ಕಿಕೊಂಡ ಅಮೃತಾಂಜನ. ತಲೆಸುತ್ತೆಂದು ಬರುವವರ ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಜೊತೆಗೆ ಬಂದ ಮಗನದೋ ಸೊಸೆಯದೋ ಹೆಗಲ ಮೇಲೆ. ಹಿಂದಿನಿಂದ ಕರೆದರೆ ಕತ್ತು ತಿರುಗಿಸುವುದಿಲ್ಲ, ಇಡೀ ಮೈಯನ್ನೇ ಮೆಲ್ಲಗೆ ತಿರುಗಿಸಿ ನೋಡುತ್ತಾರೆ. ಇಂಥವರಿಗೆ ಇಲ್ಲಿ ಮೊದಲು ಹೇಳುವ ಮಾತೇ, ತಲೆ ಅಲ್ಲಾಡಿಸಿ ಎಂದು.

ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತ ಅಜ್ಜಿಯ ಕೈಗೆ ಥೆರಪಿಸ್ಟ್ ಹುಡುಗಿ ಹಳೆಯದೊಂದು ವಿಸಿಟಿಂಗ್ ಕಾರ್ಡ್ ಕೊಟ್ಟು ತೋಳು ಚಾಚಿ ಹಿಡಿಸುತ್ತಾಳೆ. "ಅಕ್ಷರದ ಮೇಲಿಂದ ಕಣ್ಣು ತೆಗೀಬೇಡಿ ಅಜ್ಜಿ. ತಲೆ ಮಾತ್ರ ಆ ಕಡೆ, ಈ ಕಡೆ." ತಲೆ ಆಡುತ್ತದೆ, ಕಿವಿಯ ಓಲೆ ಮಿನುಗುತ್ತದೆ, ನಾಲ್ಕೈದು ಸಲ ಆಗುವಷ್ಟರಲ್ಲಿ ತುಟಿಯ ಮೇಲೆ ಸಣ್ಣ ಬೆವರು. "ಅಕ್ಸರ ಕುಣೀತಾವೆ ಕಣವ್ವ!" "ಕುಣೀಲಿ ಬಿಡಿ, ಅದಕ್ಕೇ ಮಾಡಿಸ್ತಿರೋದು."

ಹುಡುಗಿ ಹೇಳಿದ್ದು ತಮಾಷೆಗಲ್ಲ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ಅರ್ಧವೃತ್ತದ ನಾಳಗಳಿವೆ. ಗಾರೆ ಕೆಲಸದವರ ರಸಮಟ್ಟದಂತೆ ಅವು ತಲೆ ಎತ್ತ ವಾಲಿತು, ಎತ್ತ ತಿರುಗಿತು ಎಂದು ಮೆದುಳಿಗೆ ತಿಳಿಸುತ್ತಲೇ ಇರುತ್ತವೆ. ಸೋಂಕಿನಿಂದಲೋ ಪೆಟ್ಟಿನಿಂದಲೋ ಒಂದು ಕಿವಿ ಕೆಟ್ಟರೆ ಎರಡು ಕಿವಿಗಳ ವರದಿ ತಾಳೆಯಾಗುವುದಿಲ್ಲ. ಆ ಗೊಂದಲವನ್ನು ಮತ್ತೆ ಮತ್ತೆ ಎದುರಿಸಿದರೆ ಮಾತ್ರ ಮೆದುಳು ಹೊಸ ಲೆಕ್ಕ ಕಲಿಯುತ್ತದೆ. ನಮ್ಮ ಮನೆಗಳಲ್ಲೋ, ಪಿತ್ತ ಕೆರಳಿದೆ ಎಂದು ನಿಂಬೆ ಪಾನಕ ಕುಡಿಸಿ ಕತ್ತಲೆ ಕೋಣೆಯಲ್ಲಿ ಮಲಗಿಸಿಬಿಡುತ್ತೇವೆ. ಒಂದೆರಡು ದಿನಕ್ಕೆ ಸರಿ, ವಾರಗಟ್ಟಲೆ ಹಾಗೇ ಬಿಟ್ಟರೆ ಅದೇ ಕೇಡು. ತಲೆಸುತ್ತು ಅಡಗಿಸುವ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ಈ ಕಲಿಕೆ ಮಂದವಾಗುತ್ತದೆ.

ಆಚೆ ಮೂಲೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪಂಚೆ ಎತ್ತಿಕಟ್ಟಿ ದಪ್ಪ ಸ್ಪಂಜಿನ ಮೇಲೆ ನಿಂತಿದ್ದಾರೆ. ಮೆತ್ತನೆಯ ನೆಲದಲ್ಲಿ ಪಾದಕ್ಕೆ ಆಧಾರ ಸಿಗದು, ಕಣ್ಣು ಮುಚ್ಚಿದರೆ ನೋಟದ ಆಸರೆಯೂ ಇಲ್ಲ, ಉಳಿದದ್ದು ಕಿವಿಯೊಂದೇ. ಹೆಬ್ಬೆರಳುಗಳು ಸ್ಪಂಜನ್ನು ಕಚ್ಚಿ ಹಿಡಿಯುತ್ತವೆ, ಮೀನಖಂಡ ನಡುಗುತ್ತದೆ, ಹಿಂದೆ ನಿಂತ ಸಹಾಯಕ ಮುಟ್ಟದೆ ಎರಡೂ ಕೈ ಚಾಚಿಕೊಂಡೇ ಇರುತ್ತಾನೆ. ಆಮೇಲೆ ಚೆಂಡಿನಾಟ: ಕಣ್ಣಿನ ಮಟ್ಟಕ್ಕಿಂತ ಮೇಲೆ ಕೈಯಿಂದ ಕೈಗೆ ಎಸೆಯುವುದು, ಬಗ್ಗಿ ಮಂಡಿಯ ಕೆಳಗಿಂದ ದಾಟಿಸುವುದು. ಚೆಂಡು ಬೆಂಚಿನಡಿಗೆ ಉರುಳಿದಾಗ ಕೋಣೆಗೆ ಕೋಣೆಯೇ ನಗುತ್ತದೆ.

ಈ ಆಟ ಇಂದು ನಿನ್ನೆಯದಲ್ಲ. 1940ರ ದಶಕದಲ್ಲಿ ಇಂಗ್ಲೆಂಡಿನ ಕಿವಿ ತಜ್ಞ ಟೆರೆನ್ಸ್ ಕಾಥಾರ್ನ್ ಮತ್ತು ವೈದ್ಯ ಕುಕ್ಸಿ, ತಲೆಗೆ ಪೆಟ್ಟು ಬಿದ್ದು ಸಮತೋಲನ ಕಳೆದುಕೊಂಡವರಿಗಾಗಿ ಇದನ್ನು ರೂಪಿಸಿದರು. ರೋಗಿಗಳನ್ನು ಗುಂಪುಗೂಡಿಸಿ, ಗದ್ದಲದ ನಡುವೆಯೇ ಅಭ್ಯಾಸ ಮಾಡಿಸುತ್ತಿದ್ದರಂತೆ. ದೇವರಾಜ ಮಾರ್ಕೆಟ್ಟಿನ ನೂಕುನುಗ್ಗಲಲ್ಲಿ ನಡೆಯಬೇಕಾದವರಿಗೆ ಅದು ಒಪ್ಪುವ ಪಾಠವೇ.

ಎಲ್ಲ ತಲೆಸುತ್ತಿಗೂ ಇದೇ ಮದ್ದಲ್ಲ. ಹಾಸಿಗೆಯಲ್ಲಿ ಮಗ್ಗುಲಾದರೆ ಮಾತ್ರ ಅರೆಗಳಿಗೆ ಬವಳಿ ಬರುವವರ ಕಿವಿಯಲ್ಲಿ ಸಾಮಾನ್ಯವಾಗಿ ಸುಣ್ಣದ ಸೂಕ್ಷ್ಮ ಹರಳುಗಳು ಜಾಗ ತಪ್ಪಿ ನಾಳ ಸೇರಿರುತ್ತವೆ. ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಂತೆ, ಮಲಗಿಸಿ ತಲೆಯನ್ನು ಹಂತಹಂತವಾಗಿ ಹೊರಳಿಸಿ ಅವನ್ನು ಹೊರಗೆ ಜಾರಿಸುತ್ತಾರೆ. ಕೆಲವರಿಗೆ ಒಂದೇ ಸಲಕ್ಕೆ ಗುಣ. ಅಜ್ಜಿ, ಮೇಷ್ಟ್ರಂಥವರಿಗಾದರೆ ವಾರಗಟ್ಟಲೆ ದಿನವೂ ಮನೆಯಲ್ಲಿ ಅಭ್ಯಾಸ, ಅದನ್ನೂ ಎರಡು ಮೂರು ಕಂತಿನಲ್ಲಿ.

ನಿಮಗೂ ತಲೆ ಸುತ್ತುತ್ತಿದ್ದರೆ ಮೊದಲು ಕಾರಣ ಪತ್ತೆ ಮಾಡಿಸಿಕೊಂಡು, ಆಮೇಲೆ ವ್ಯಾಯಾಮ ಶುರುಮಾಡಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಒಂದು ಪಕ್ಕದ ಕೈಕಾಲು ಸೋತರೆ, ಚೆಂಡು ಕಾರ್ಡು ಎಲ್ಲ ಬದಿಗಿಟ್ಟು ನೇರ ತುರ್ತು ಚಿಕಿತ್ಸೆಗೆ ಹೋಗಿ.